ನನ್ನ ಮಗಳನ್ನು ಸಾಮಾನೆಂದು ಬರೆದದ್ದೇಕೆ

ಸಣ್ಣ ವಿಮಾನಗಳ ಅನುಮತಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಹೋದ ವಾರ ನಿಮ್ಮ ಕಚೇರಿಯಿಂದ ಬಂದ ಎರಡು ಸಾಲಿನ ಪತ್ರ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಇದೆ. 'ಅರ್ಜಿದಾರರು ಒಂದು ವರ್ಷ ಎಂಟು ತಿಂಗಳ ಹೆಣ್ಣುಮಗುವನ್ನು ಸಾಮಾನುಗಳ ಕಾಲಮ್ಮಿನಲ್ಲಿ ನಮೂದಿಸಿ ಕಚೇರಿಯ ದಾರಿ ತಪ್ಪಿಸಿರುತ್ತಾರೆ. ಹದಿನೈದು ದಿನಗಳೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.' ಇಗೋ, ಕೊಡುತ್ತಿದ್ದೇನೆ. ನನ್ನ ಹಿಂದಿನ ಮೂರು ಪತ್ರಗಳು ನಿಮ್ಮ ಕಚೇರಿಯ ಯಾವ ಬೀರುವಿನಲ್ಲಿ ವಿಶ್ರಾಂತಿ ಪಡೆಯುತ್ತಿವೆಯೋ ಗೊತ್ತಿಲ್ಲವಾದ್ದರಿಂದ ಇದರ ಒಂದು ಪ್ರತಿಯನ್ನು ಪತ್ರಿಕೆಯವರಿಗೂ ಕೊಟ್ಟಿದ್ದೇನೆ. ದಾರಿ ತಪ್ಪಿಸಿದೆ ಎಂದಿರಿ. ಒಪ್ಪಿದೆ. ಆದರೆ ಆ ದಾರಿ ಮೊದಲಿಗೆ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ತಾವೂ ಸ್ವಲ್ಪ ನೋಡಬೇಕು.

ನಾನು ವಿಮಾನದ ಸೀಟು ಹೊಲಿಯುವವಳು. ಊರ ಹೊರಗಿನ ಸಣ್ಣ ವಿಮಾನ ನಿಲ್ದಾಣದ ಪಕ್ಕದ ಶೆಡ್ಡಿನಲ್ಲಿ ಕೂತು ಹರಿದ ಸೀಟಿಗೆ ಹೊಸ ಹೊದಿಕೆ, ಸವೆದ ಬೆಲ್ಟಿಗೆ ಹೊಸ ಪಟ್ಟಿ ಹಾಕಿಕೊಡುತ್ತೇನೆ. ನಮ್ಮನೆಯವರು ಅದೇ ನಿಲ್ದಾಣದಲ್ಲಿ ಎಂಜಿನ್ ಮೆಕ್ಯಾನಿಕ್, ಹಾರಿಸುವ ಲೈಸೆನ್ಸೂ ಇದೆ. ಶಾಲೆ ನನಗೆ ಕಂತುಗಳಲ್ಲಿ ಸಿಕ್ಕಿತು. ಐದನೆಯದರವರೆಗೆ ಒಂದು ಸಲ, ಅಮ್ಮನ ಕಾಯಿಲೆ ಕಳೆದ ಮೇಲೆ ಆರನೆಯದು ಅರ್ಧ, ಆಮೇಲೆ ತಮ್ಮ ಹುಟ್ಟಿದ, ಉಳಿದರ್ಧ ಉಳಿದೇ ಹೋಯಿತು. ಹೀಗಾಗಿ ಅರ್ಜಿಗಳನ್ನು ನಾನು ನಿಧಾನವಾಗಿ ಓದುತ್ತೇನೆ, ಒಂದೊಂದು ಪದವನ್ನೂ ಬೆರಳಿಟ್ಟು ಓದುತ್ತೇನೆ. ನನ್ನಿಂದಾದ ತಪ್ಪು ಇದೇ ಇರಬೇಕು. ಚೆನ್ನಾಗಿ ಓದಿಕೊಂಡವರು ಯಾರೂ ನಿಮ್ಮ ಅರ್ಜಿಯನ್ನು ಪೂರ್ತಿ ಓದಿದಂತೆ ಕಾಣುವುದಿಲ್ಲ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಕೌಂಟರಿನಲ್ಲಿ ಎರಡು ಸಲ ಅದನ್ನೇ ನನ್ನ ಮುಖಕ್ಕೆ ಹಿಡಿದರು. ನಾನು ಪುಕ್ಕಲಿ. ಮನೆಗೆ ಬೀಗ ಹಾಕಿ ಬೀದಿಯ ತುದಿಗೆ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸ್ ಬಂದು ನೋಡುವವಳು. ನಮ್ಮನೆಯವರು ನನಗೆ 'ಅಕಸ್ಮಾತ್' ಎಂದೇ ಹೆಸರಿಟ್ಟಿದ್ದಾರೆ. ನಾನು ಬಾಯಿ ಬಿಟ್ಟರೆ ಮೊದಲು ಬರುವ ಪದವೇ ಅದಂತೆ. 'ಅಕಸ್ಮಾತ್, ಊಟ ಆಯ್ತಾ?' ಎನ್ನುತ್ತಾರೆ, ನಾನೂ ಓಗೊಡುತ್ತೇನೆ. ಹೀಗೆ ಹೆದರುವವಳು ವಿಮಾನದ ತಂಟೆಗೆ ಯಾಕೆ ಹೋದಳು ಎಂದು ಕೇಳುತ್ತೀರಿ. ಕೇಳಬೇಕಾದ್ದೇ.

ನನಗೆ ಮೂರು ಮಕ್ಕಳು. ದೊಡ್ಡವಳಿಗೆ ಎಂಟು ವರ್ಷ, ನಡುವಿನವನಿಗೆ ಐದು, ಕೊನೆಯವಳು ತಾವು ಕಾಗದದಲ್ಲಿ ಹೇಳಿದ ಸಾಮಾನು. ಮನೆಯಲ್ಲಿ ಪಾಪು ಎನ್ನುತ್ತೇವೆ. ನಡುವಿನವನಿಗೆ ಕಿವಿ ಬಹಳ ಮಂದ. ಎರಡೂ ಕಿವಿಗೆ ಯಂತ್ರ ಹಾಕಿದ್ದಾರೆ. ಯಂತ್ರ ಹಾಕಿದ ಮಾತ್ರಕ್ಕೆ ಮಾತು ಬರುವುದಿಲ್ಲ, ಕಲಿಸಬೇಕು. ಹಾಗೆ ಕಲಿಸುವ ಟೀಚರು ಇರುವುದು ಬೆಟ್ಟಸಾಲಿನ ಆಚೆಯ ಪಟ್ಟಣದಲ್ಲಿ, ಎರಡು ವಾರಕ್ಕೊಮ್ಮೆ ಪಾಠ. ರಸ್ತೆಯಲ್ಲಿ ಹನ್ನೊಂದು ಗಂಟೆ, ಆ ಹನ್ನೊಂದರಲ್ಲಿ ಏಳು ಗಂಟೆ ಬರೀ ತಿರುವು. ಮೂರೂ ಮಕ್ಕಳು ಸರದಿಯಂತೆ ವಾಂತಿ ಮಾಡಿಕೊಳ್ಳುತ್ತಾರೆ. ಅಲ್ಲಿ ಇಳಿಯುವ ಹೊತ್ತಿಗೆ ಹುಡುಗ ಬಸವಳಿದು ಟೀಚರ ಮೇಜಿನ ಮೇಲೆಯೇ ತಲೆಯಿಟ್ಟು ಮಲಗಿಬಿಡುತ್ತಾನೆ. 'ಎಚ್ಚರ ಇರೋ ಮಗುವನ್ನ ಕರ್ಕೊಂಡ್ ಬನ್ನಿ, ನಿದ್ದೆ ನಾನು ಕಲಿಸಬೇಕಾಗಿಲ್ಲ' ಎಂದು ಟೀಚರು ನಗುತ್ತಲೇ ಹೇಳಿದರು. ಆದರೆ ಐದು ದಾಟಿದ ಮೇಲೆ ಒಂದೊಂದು ತಿಂಗಳೂ ಅಮೂಲ್ಯ ಎಂದಾಗ ಅವರು ನಗುತ್ತಿರಲಿಲ್ಲ. ಪಾಪು ಇನ್ನೂ ಎದೆಹಾಲು ಬಿಟ್ಟಿಲ್ಲ, ದೊಡ್ಡವಳನ್ನು ಬಿಟ್ಟುಹೋಗಲು ಮನೆಯಲ್ಲಿ ಇನ್ನಾರೂ ಇಲ್ಲ. ಹೋದರೆ ಐವರೂ ಹೋಗಬೇಕು. ಬೆಟ್ಟದ ಮೇಲಿನಿಂದ ಹಾರಿದರೆ ಐವತ್ತು ನಿಮಿಷ. ಮೆಕ್ಯಾನಿಕ್ ಮನೆಯಲ್ಲೇ ಇರುವಾಗ ಹಳೆಯ ವಿಮಾನವೊಂದು ಹಳೆಯ ವ್ಯಾನಿಗಿಂತ ಬಹಳ ದೊಡ್ಡ ಮಾತೇನಲ್ಲ. ಹೀಗಾಗಿ ಈ ಪುಕ್ಕಲಿ ತಾನಾಗಿಯೇ ಹೇಳಿದಳು, ತಗೊಳ್ಳೋಣ ಎಂದು.

ಆಗ ಎದುರಿಗಿದ್ದದ್ದು ಎರಡು ವಿಮಾನ. ಒಂದು, ಹಲ್ಲಿನ ಡಾಕ್ಟರೊಬ್ಬರದು. ಮೊಣಕಾಲು ನೋವೆಂದು ಅವರು ಹತ್ತುವುದನ್ನು ಬಿಟ್ಟಿದ್ದರು. ನಾಲ್ಕು ಸೀಟು, ಹೊಳೆಯುವ ಬಿಳಿ ಬಣ್ಣ, ಮಕ್ಕಳು ಅದಕ್ಕೆ 'ಗುಬ್ಬಿ' ಎಂದರು. ಇನ್ನೊಂದು ಹಿಂದಿನ ಶೆಡ್ಡಿನಲ್ಲಿ ಮೂರು ವರ್ಷದಿಂದ ನಿಂತೇ ಇದ್ದ ಆರು ಸೀಟಿನದು. ಬಣ್ಣ ಎದ್ದಿತ್ತು, ರೆಕ್ಕೆಯ ಮೇಲೆ ಪಾರಿವಾಳಗಳ ಸಂಸಾರ. ಇಂಧನ ಜಾಸ್ತಿ ಕುಡಿಯುತ್ತದೆ, ವೇಗ ಕಡಿಮೆ. ಅದು 'ಎಮ್ಮೆ'.

ನಾನು ಎಲ್ಲರನ್ನೂ ತೂಗಿಸಿದೆ. ನಗಬೇಡಿ, ಸಣ್ಣ ವಿಮಾನದಲ್ಲಿ ಮೊದಲ ಕೆಲಸವೇ ಅದು ಎಂದು ನಿಮ್ಮದೇ ಪುಸ್ತಕ ಹೇಳುತ್ತದೆ. ನಿಲ್ದಾಣದ ಪಾರ್ಸಲ್ ತಕ್ಕಡಿಯ ಮೇಲೆ ಬೂಟು, ಸ್ವೆಟರು, ನೀರಿನ ಬಾಟಲಿ ಸಮೇತ ಒಬ್ಬೊಬ್ಬರನ್ನೇ ನಿಲ್ಲಿಸಿದೆ. ನಮ್ಮನೆಯವರ ಲೈಸೆನ್ಸಿನ ಕಾಗದದಲ್ಲಿ ಎಪ್ಪತ್ತೆರಡು ಎಂದಿತ್ತು, ತಕ್ಕಡಿ ಎಂಬತ್ತನಾಲ್ಕು ಎಂದಿತು. 'ತಕ್ಕಡಿ ಕೆಟ್ಟಿದೆ' ಎಂದರು. ದೊಡ್ಡವಳು, 'ಅಪ್ಪಾ, ನಾನು ನಿಂತಾಗ ಸರಿಯಾಗಿತ್ತಲ್ಲ' ಎಂದಳು. ನಾನು ಅರವತ್ತಮೂರು, ದೊಡ್ಡವಳು ಇಪ್ಪತ್ತಾರು, ಹುಡುಗ ಹದಿನೆಂಟು, ಪಾಪು ಹನ್ನೊಂದು.

ಗುಬ್ಬಿಯ ಟ್ಯಾಂಕು ತುಂಬಿಸಿದರೆ ನಾಲ್ಕು ದೊಡ್ಡವರು ಕೂರುವ ಹಾಗಿಲ್ಲ, ನಾಲ್ಕು ದೊಡ್ಡವರು ಕೂತರೆ ಟ್ಯಾಂಕು ತುಂಬಿಸುವ ಹಾಗಿಲ್ಲ ಎಂದು ನನಗೆ ಗೊತ್ತಾದದ್ದು ಆವತ್ತೇ.

'ಮತ್ತೆ ಅದನ್ನ ನಾಲ್ಕು ಸೀಟಿನ ವಿಮಾನ ಅಂತ ಯಾಕ್ರೀ ಕರೀತಾರೆ?' ಎಂದೆ.

'ಸೀಟು ನಾಲ್ಕಿದೆಯಲ್ಲ, ಅದಕ್ಕೆ. ನಮ್ಮ ಮಕ್ಕಳು ಹಗುರ, ನಮಗೆ ಸಾಕಾಗುತ್ತೆ. ನಾವು ನಾಲ್ಕೇ ಜನ ತಾನೆ.'

'ಐದು ಜನ.'

'ಕಾನೂನಿನ ಪ್ರಕಾರ ನಾಲ್ಕು. ಎರಡು ವರ್ಷ ತುಂಬೋವರೆಗೆ ಪಾಪು ಲೆಕ್ಕಕ್ಕಿಲ್ಲ. ನಿನ್ನ ಮಡಿಲಲ್ಲಿ ಕೂತ್ಕೊಳ್ಳುತ್ತೆ.'

'ಎಂಟು ತಿಂಗಳಿಗೆ ಎರಡು ತುಂಬುತ್ತಲ್ಲ. ಆವತ್ತು ಯಾರನ್ನ ಇಳಿಸೋದು?'

ನಮ್ಮನೆಯವರು ಗುಬ್ಬಿಯ ರೆಕ್ಕೆಯನ್ನು ಒರೆಸಲು ಶುರುಮಾಡಿದರು. ವಿಮಾನ ತೋರಿಸಲು ಬಂದಿದ್ದ ಹಲ್ಲಿನ ಡಾಕ್ಟರೇ ಮಾತು ಮುಂದುವರಿಸಿದರು. 'ಅಮ್ಮಾ, ತಾಯಿ ಮಡಿಲಿಗಿಂತ ಭದ್ರವಾದ ಜಾಗ ಇನ್ನೆಲ್ಲಿದೆ ಹೇಳಿ?' ಸುತ್ತ ನಿಂತವರೆಲ್ಲ ತಲೆದೂಗಿದರು. ನಾನೂ ದೂಗಿದೆ. ನಿಜ ಹೇಳಬೇಕೆಂದರೆ ಆ ಮಾತು ಕೇಳಿ ನನಗೆ ಒಂಥರಾ ಹೆಮ್ಮೆಯೇ ಆಯಿತು. ಮನೆಗೆ ಬಂದು ಅನ್ನಕ್ಕಿಡುವಾಗ ಮಾತ್ರ ಯೋಚನೆ ಹತ್ತಿತು. ನಾನು ಹೊಲಿಯುವ ಪ್ರತಿ ಬೆಲ್ಟನ್ನೂ ನಿಮ್ಮ ಇನ್ಸ್‌ಪೆಕ್ಟರು ಯಂತ್ರಕ್ಕೆ ಸಿಕ್ಕಿಸಿ ಎಳೆಸುತ್ತಾರೆ. ಒಂದು ಹೊಲಿಗೆ ಬಿಟ್ಟರೂ ಮೊಹರು ಒತ್ತುವುದಿಲ್ಲ, ಇಡೀ ಬೆಲ್ಟನ್ನು ನನ್ನ ಮುಖಕ್ಕೆ ಎಸೆಯುತ್ತಾರೆ. ಸರಿಯೇ ಅದು, ಜೀವದ ಪ್ರಶ್ನೆ. ಆದರೆ ಮಾನ್ಯರೇ, ನನ್ನ ಈ ಎರಡು ತೋಳುಗಳನ್ನು ನೀವು ಯಾವ ಯಂತ್ರಕ್ಕೆ ಹಾಕಿ ಎಳೆದು ನೋಡಿದ್ದೀರಿ? ಇವುಗಳ ಮೇಲೆ ನಿಮ್ಮ ಮೊಹರು ಎಲ್ಲಿದೆ? ಮೂವತ್ತಾರು ವರ್ಷ ಹಳೆಯ ಮಾಲು, ಬಲಗೈ ಮಣಿಕಟ್ಟು ಹೊಲಿಗೆಯಿಂದ ಸವೆದಿದೆ, ತಯಾರಕರ ಚೀಟಿಯೂ ಇಲ್ಲ. ಇಂಥದ್ದನ್ನು ಅನುಮೋದಿತ ಉಪಕರಣ ಎಂದು ಒಪ್ಪಿಕೊಂಡ ನಿಮ್ಮ ಕಚೇರಿಯ ಔದಾರ್ಯಕ್ಕೆ ಏನೆನ್ನಲಿ?

ನೀವು ಪರೀಕ್ಷೆ ಮಾಡಲಿಲ್ಲವಾದ್ದರಿಂದ ನಾನೇ ಮಾಡಿದೆ. ಶೆಡ್ಡಿನ ಹಿಂದೆ ಒಂದು ಖಾಲಿ ರಸ್ತೆಯಿದೆ, ಅದರ ತುದಿಯಲ್ಲಿ ಹಳೆಯ ವಿಮಾನದ ಟೈರುಗಳ ಗುಡ್ಡೆ. ಒಂದು ಚೀಲಕ್ಕೆ ಮರಳು ತುಂಬಿ ಅದೇ ಪಾರ್ಸಲ್ ತಕ್ಕಡಿಯಲ್ಲಿ ಸರಿಯಾಗಿ ಹನ್ನೊಂದು ಕಿಲೋ ತೂಗಿದೆ. ಚೀಲದ ಮೂಲೆಯಿಂದ ಮರಳು ಸೋರುತ್ತಿತ್ತು, ಅದಕ್ಕೆ ಪಾಪುವಿನ ಹಳೆಯ ಸ್ವೆಟರು ಸುತ್ತಿದೆ. ನಮ್ಮ ವ್ಯಾನಿನ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಚೀಲವನ್ನು ಮಡಿಲಲ್ಲಿ ಅಪ್ಪಿಕೊಂಡು ಕೂತೆ. ನಮ್ಮನೆಯವರು ನಗುತ್ತಲೇ ಸ್ಟೇರಿಂಗ್ ಹಿಡಿದರು.

'ನೋಡು ಅಕಸ್ಮಾತ್, ಇದು ಅಕಸ್ಮಾತ್ ಅಲ್ಲ. ಎಣಿಸ್ತೀನಿ, ಮೂರು ಅಂದಾಗ ಟೈರಿಗೆ ಬಡಿಯುತ್ತೆ. ಗಟ್ಟಿಯಾಗಿ ಹಿಡ್ಕೋ.'

ಮಕ್ಕಳು ಸೈಕಲ್ ಹೊಡೆಯುತ್ತಾರಲ್ಲ, ಅಷ್ಟೇ ವೇಗ. ಒಂದು ಎಂದರು, ಎರಡು ಎಂದರು. ನಾನು ಉಸಿರು ಬಿಗಿಹಿಡಿದು, ಬೆರಳಿಗೆ ಬೆರಳು ಹೆಣೆದು, ಹಲ್ಲು ಕಚ್ಚಿ ಹಿಡಿದಿದ್ದೆ. ಜೀವಮಾನದಲ್ಲಿ ಯಾವುದನ್ನೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. ಮೂರು ಎಂದದ್ದು ಕೇಳಿಸಿತು. ಆಮೇಲೆ ನೋಡಿದರೆ ನನ್ನ ಕೈಗಳು ಹೆಣೆದ ಹಾಗೇ ಇದ್ದವು, ನಡುವೆ ಏನೂ ಇರಲಿಲ್ಲ. ಚೀಲ ಮುಂದಿನ ಗಾಜಿಗೆ ಬಡಿದು ಒಡೆದು ಡ್ಯಾಶ್‌ಬೋರ್ಡಿನ ಮೇಲೆಲ್ಲ ಮರಳು. ಗಾಜಿನಲ್ಲಿ ಒಂದು ಬಿರುಕು.

ನಮ್ಮನೆಯವರು ಕೆಳಗಿಳಿದರು. ಸ್ವೆಟರು ಎತ್ತಿಕೊಂಡು ಮರಳು ಕೊಡವಿದರು. ಮರಳೆಲ್ಲ ಹೋದ ಮೇಲೂ ಕೊಡವುತ್ತಲೇ ಇದ್ದರು. ಆಮೇಲೆ ಅದನ್ನು ಮಡಚಿ ತಮ್ಮ ಜೇಬಿಗೇ ಹಾಕಿಕೊಂಡರು. 'ಎಮ್ಮೇನೇ ನೋಡೋಣ' ಎಂದರು, ಅಷ್ಟೇ. ಮರುದಿನವೇ ಡಾಕ್ಟರಿಗೆ ಗುಬ್ಬಿ ಬೇಡವೆಂದು ಹೇಳಿ ಬಂದರು. ಪಾರಿವಾಳಗಳನ್ನು ಒಕ್ಕಲೆಬ್ಬಿಸಿ ಎಮ್ಮೆಯನ್ನು ರಿಪೇರಿ ಮಾಡಲು ಎರಡು ತಿಂಗಳು ಹಿಡಿಯಿತು. ಅದರ ಆರೂ ಸೀಟು ನಾನೇ ಹೊಲಿದೆ. ಎರಡನೇ ಸಾಲಿನ ಒಂದು ಸೀಟಿನ ಮೇಲೆ ಮಕ್ಕಳ ಕುರ್ಚಿ ಕೂರಿಸಿ, ಅದನ್ನು ಬಿಗಿಯಲು ಐದು ಕೊಂಡಿಯ ಪಟ್ಟಿ ಹೊಲಿದೆ. ನಿಮ್ಮ ಯಂತ್ರಕ್ಕೆ ಹಾಕಿ ಎಳೆಸಿಯೂ ಆಯಿತು, ಒಂದು ದಾರವೂ ಅಲುಗಲಿಲ್ಲ. ಉಳಿದದ್ದು ಅದನ್ನು ಕಟ್ಟಿಕೊಂಡು ಹಾರಲು ನಿಮ್ಮ ಅನುಮತಿಯ ಅರ್ಜಿಯೊಂದೇ.

ಅರ್ಜಿಯಲ್ಲಿ ಪ್ರಯಾಣಿಕರ ಕಾಲಮ್ಮಿದೆ. ಅದರ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, 'ಎರಡು ವರ್ಷ ತುಂಬದವರನ್ನು ನಮೂದಿಸಬಾರದು.' ಪಕ್ಕದಲ್ಲಿ ಸಾಮಾನಿನ ಕಾಲಮ್ಮು. 'ಐದು ಕಿಲೋ ಮೀರಿದ ಪ್ರತಿ ಸಾಮಾನನ್ನೂ ಪ್ರತ್ಯೇಕವಾಗಿ ನಮೂದಿಸಿ, ಅನುಮೋದಿತ ಪಟ್ಟಿಯಿಂದ ಬಿಗಿದಿರತಕ್ಕದ್ದು. ಬಿಗಿಯದ ಸಾಮಾನು ಹಾರಾಟದ ವೇಳೆ ಜೀವಹಾನಿ ಉಂಟುಮಾಡಬಹುದು.' ಆ ಸಾಲನ್ನು ಬೆರಳಿಟ್ಟು ನಾಲ್ಕು ಸಲ ಓದಿದೆ. ನಿಮ್ಮ ಕಚೇರಿಗೆ ಎಲ್ಲವೂ ಗೊತ್ತಿದೆ ಎಂದು ಗೊತ್ತಾಯಿತು. ಹನ್ನೊಂದು ಕಿಲೋ ಬಿಗಿಯದೆ ಬಿಟ್ಟರೆ ಏನಾಗುತ್ತದೆ ಎಂಬುದು ನಾನು ವ್ಯಾನಿನ ಗಾಜು ಒಡೆಸಿಕೊಳ್ಳುವ ಮೊದಲೇ ನಿಮಗೆ ಗೊತ್ತಿತ್ತು. ಪೆಟ್ಟಿಗೆಯ ವಿಷಯದಲ್ಲಿ ನೀವು ನನಗಿಂತ ಪುಕ್ಕಲರು. ಅದಕ್ಕೆ ನಾನು ಬರೆದೆ: 'ಸಾಮಾನು ಒಂದು. ಹನ್ನೊಂದು ಕಿಲೋ. ಮೆತ್ತಗಿದೆ. ಎರಡನೇ ಸಾಲಿನ ಸೀಟಿಗೆ ಐದು ಕೊಂಡಿಯ ಪಟ್ಟಿಯಿಂದ ಬಿಗಿದಿದೆ. ಅಲುಗಾಡಬಹುದು.' ಇದರಲ್ಲಿ ಸುಳ್ಳು ಯಾವುದು, ತೋರಿಸಿ.

ಆರೇ ದಿನದಲ್ಲಿ ಅನುಮತಿ ಬಂತು. 'ಬಿಗಿತ ತೃಪ್ತಿಕರ. ಅಲುಗಾಡುವ ಸಾಮಾನಿಗೆ ಹೆಚ್ಚುವರಿ ಪಟ್ಟಿ ಬಳಸಿರುವುದು ಶ್ಲಾಘನೀಯ.' ನಿಮ್ಮ ಕಚೇರಿ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಕಾಗದವನ್ನು ಗೋಡೆಗೆ ಅಂಟಿಸಿದ್ದೆ. ಅದನ್ನು ಕಿತ್ತು ನಿಮಗೆ ವಾಪಸ್ ಕೊಡಬೇಕಾದದ್ದು, ನಿಮ್ಮ ಇನ್ಸ್‌ಪೆಕ್ಟರು ಖುದ್ದಾಗಿ ನೋಡಿ ಹೋಗಲು ಬಂದದ್ದರಿಂದ. ಬಹಳ ಸಜ್ಜನರು. ಪಟ್ಟಿ ಎಳೆದು ನೋಡಿದರು, ಕೊಂಡಿ ಎಣಿಸಿದರು, ತಲೆದೂಗಿದರು.

'ಎಲ್ಲಾ ಸರಿಯಾಗಿದೆ. ಆ ಸಾಮಾನು ಎಲ್ಲಿ?'

'ಮಲಗಿದೆ ಸಾರ್.'

'ಏನು?'

'ಈಗ ತಾನೆ ಹಾಲು ಕುಡಿದು ಮಲಗಿತು. ಎಬ್ಬಿಸಬೇಕಾ?'

ಅವರು ಪೆನ್ನಿನ ಮುಚ್ಚಳ ಹಾಕಿಕೊಂಡು ಹೊರಟುಹೋದರು. ಮೂರು ದಿನಕ್ಕೆ ಅನುಮತಿ ರದ್ದು. ನಾನು ಪಾಪುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಮ್ಮ ಕಚೇರಿಗೇ ಬಂದೆ. ನಾಲ್ಕನೇ ಕೌಂಟರಿನಲ್ಲಿ ದಪ್ಪ ಕನ್ನಡಕದ ಗುಮಾಸ್ತರಿದ್ದರು.

'ಅಮ್ಮಾ, ಮಗೂನ ಸಾಮಾನು ಅಂತ ಬರೆಯೋ ಹಾಗಿಲ್ಲ.'

'ಹಾಗಾದ್ರೆ ಪ್ರಯಾಣಿಕಳು ಅಂತ ಬರೀತೀನಿ ಸಾರ್.'

'ಎರಡು ವರ್ಷ ತುಂಬಿಲ್ಲವಲ್ಲ, ಹಾಗೂ ಬರೆಯೋ ಹಾಗಿಲ್ಲ.'

'ಮತ್ತೆ ಏನಂತ ಬರೀಲಿ?'

'ಬರೀಲೇಬೇಡಿ.'

'ಬರೀದೇ ಇದ್ರೆ ಕುರ್ಚಿ ಕಟ್ಟೋಕೆ ಅನುಮತಿ ಕೊಡ್ತೀರಾ?'

'ಯಾರಿಗೆ ಅಂತ ಕೊಡೋದು? ಕಾಗದದಲ್ಲಿ ಯಾರೂ ಇಲ್ವಲ್ಲ.' ಆಮೇಲೆ ಅವರು ದನಿ ತಗ್ಗಿಸಿದರು. 'ನೋಡಿ ಅಮ್ಮಾ, ನನಗೂ ಮೊಮ್ಮಕ್ಕಳಿದಾರೆ. ಸುಮ್ನೆ ಮಡಿಲಲ್ಲಿ ಕೂರಿಸ್ಕೊಂಡು ಹೋಗಿ. ಪಕ್ಕದ ಸೀಟು ಖಾಲಿ ಬಿಡಿ, ನಮ್ಮದೇನೂ ಅಭ್ಯಂತರ ಇಲ್ಲ.'

ಅಷ್ಟರಲ್ಲಿ ಪಾಪು ಕೌಂಟರಿನ ಮೇಲಿದ್ದ ನಿಮ್ಮ ಮೊಹರನ್ನು ಎತ್ತಿ ಬಾಯಿಗೆ ಹಾಕಿಕೊಂಡಿತು. ಗುಮಾಸ್ತರು ಗಾಬರಿಯಾಗಿ ಕಸಿದುಕೊಂಡರು. ಕಾಗದದಲ್ಲಿ ಇಲ್ಲದವಳು ಮೊಹರು ಎತ್ತಿದ್ದು ಹೇಗೆ ಎಂದು ಕೇಳಬೇಕೆನಿಸಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರೆದುರಿಗೂ ಎರಡೇ ಕಾಲಮ್ಮಿತ್ತು.

ಹೀಗೆ, ಮಾನ್ಯರೇ, ನಮ್ಮ ಎಮ್ಮೆಯಲ್ಲಿ ಈಗ ಆರು ಸೀಟಿವೆ, ನಾವು ಐವರಿದ್ದೇವೆ, ನಿಮ್ಮ ಪ್ರಕಾರ ನಾಲ್ವರು. ಖಾಲಿ ಸೀಟು ಖಾಲಿಯೇ ಇರಬೇಕು, ಅದರ ಪಕ್ಕದಲ್ಲಿ ಪಾಪು ನನ್ನ ಪರೀಕ್ಷೆಯಾಗದ ತೋಳುಗಳಲ್ಲಿರಬೇಕು. ಅವಳ ಬಟ್ಟೆಯ ಚೀಲ ಆರು ಕಿಲೋ, ಅದನ್ನು ಮಾತ್ರ ಕಡ್ಡಾಯವಾಗಿ ಬಿಗಿಯಬೇಕು. ಬಟ್ಟೆಗೆ ಪೆಟ್ಟಾಗದಂತೆ ನೋಡಿಕೊಂಡು, ಬಟ್ಟೆ ತೊಡುವವಳನ್ನು ಬಿಟ್ಟುಬಿಡುವ ನಿಯಮ ಯಾರಿಗೆ ಹೊಳೆಯಿತೋ, ಅವರು ಮಕ್ಕಳನ್ನು ಎತ್ತಿಕೊಂಡವರಲ್ಲ ಎಂದುಕೊಂಡಿದ್ದೆ. ಆಮೇಲೆ ತಿದ್ದಿಕೊಂಡೆ. ಎತ್ತಿಕೊಂಡೇ ಇರುತ್ತಾರೆ, ಮರಳಿನ ಚೀಲ ಹಿಡಿದು ನೋಡಿರಲಿಕ್ಕಿಲ್ಲ.

ಕಳೆದ ತಿಂಗಳು ಪಾಠದ ದಿನ ಹತ್ತಿರ ಬಂದಾಗ ನಾನು ಸೋತೆ. ಅದನ್ನು ಮುಚ್ಚಿಡುವುದಿಲ್ಲ. ಐವತ್ತೇ ನಿಮಿಷ, ಹವಾಮಾನ ಚೆನ್ನಾಗಿದೆ, ಲೋಕವೆಲ್ಲ ಹೀಗೇ ಹೋಗುತ್ತದೆ ಎಂದು ನಾನೇ ಹೇಳಿದೆ. ನಿಮ್ಮ ಕಾಗದಕ್ಕೆ ಹೆದರಿ ಕುರ್ಚಿ ಬಿಚ್ಚಿಟ್ಟು ಎಲ್ಲರೂ ಹತ್ತಿ ಕೂತೆವು. ನಮ್ಮನೆಯವರು ಎಂಜಿನ್ ಚಾಲೂ ಮಾಡಿದರು.

ನಮ್ಮ ಹುಡುಗನಿಗೆ ಒಂದು ಅಭ್ಯಾಸವಿದೆ. ಬೆಲ್ಟಿನ ಕೊಂಡಿ ಕೂಡಿಕೊಂಡಾಗ ಟಕ್ ಎನ್ನುವ ಸದ್ದು ಅವನಿಗೆ ಕೇಳಿಸುವುದಿಲ್ಲ. ಅದಕ್ಕೆ ಟೀಚರು, ಕೊಂಡಿಯ ಮೇಲೆ ಬೆರಳಿಟ್ಟು ಆ ಅದುರು ಹಿಡಿಯುವುದನ್ನು ಕಲಿಸಿದ್ದಾರೆ. ಬೆರಳಿಗೆ ಅದುರು ಬಂದರೆ 'ಆಯ್ತು' ಎನ್ನಬೇಕು. ಅವನು ಸ್ಪಷ್ಟವಾಗಿ ಹೇಳುವ ಹತ್ತುಹನ್ನೆರಡು ಪದಗಳಲ್ಲಿ ಅದೂ ಒಂದು. ಎಲ್ಲಿ ಹೋದರೂ ಎಲ್ಲರ ಕೊಂಡಿಯನ್ನೂ ಅವನೇ ಹಾಕಬೇಕು. ಆವತ್ತೂ ಅಪ್ಪನದಕ್ಕೆ ಬೆರಳಿಟ್ಟು 'ಆಯ್ತು' ಎಂದ, ಅಕ್ಕನದಕ್ಕೆ 'ಆಯ್ತು', ನನ್ನದಕ್ಕೆ 'ಆಯ್ತು'. ಆಮೇಲೆ ಪಾಪುವಿನ ಕೊಂಡಿ ಹುಡುಕಿದ. ಅವಳ ಹೊಟ್ಟೆಯ ಮೇಲೆ ನೋಡಿದ, ನನ್ನ ಕೈ ಸರಿಸಿ ನೋಡಿದ, ನನ್ನ ಬೆನ್ನಿನ ಹಿಂದೆ ಕೈಹಾಕಿ ತಡಕಿದ. ಅವನ ಬೆರಳು ಅವಳ ಸ್ವೆಟರಿನ ಮೇಲೆ ಹಾಗೇ ನಿಂತಿತು, ಬರದ ಅದುರಿಗೆ ಕಾಯುತ್ತ. 'ಕೂತ್ಕೋ ಕಂದ, ಏನೂ ಆಗಲ್ಲ' ಎಂದೆ. ನನ್ನ ತುಟಿ ನೋಡಿ ಅರ್ಥಮಾಡಿಕೊಂಡ. ಆದರೂ ಕೂರಲಿಲ್ಲ. 'ಇಲ್ಲ' ಎಂದ. 'ಪಾಪು ಆಯ್ತು ಇಲ್ಲ.'

ಮೂರು ಪದ ಸೇರಿಸಿ ಅವನು ಆಡಿದ ಮೊದಲ ಮಾತು ಅದು. ಟೀಚರು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರು. ನಮ್ಮನೆಯವರು ಎಂಜಿನ್ ಆರಿಸಿದರು. 'ಇಳೀರಿ, ವ್ಯಾನಲ್ಲೇ ಹೋಗೋಣ' ಎಂದರು. ಹೋದೆವು, ಹನ್ನೊಂದು ಗಂಟೆ. ಆ ಮಾತನ್ನು ಟೀಚರ ಮುಂದೆ ಆಡಿಸಬೇಕೆಂದಿದ್ದೆ, ಹುಡುಗ ಅವರ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದ.

ನೀವು ಹೇಳಬಹುದು, ನಾಲ್ಕೇ ತಿಂಗಳು, ಎರಡು ತುಂಬಿದ ಬೆಳಿಗ್ಗೆ ತಾನಾಗಿ ಮನುಷ್ಯಳಾಗುತ್ತಾಳೆ, ಕಾಯಿರಿ ಎಂದು. ನಾಲ್ಕು ತಿಂಗಳೆಂದರೆ ಎಂಟು ಪಾಠ. ಎಂಟು ಪಾಠವನ್ನು ನಿದ್ದೆಯಲ್ಲಿ ಕಳೆಯುವಷ್ಟು ಪುರುಸೊತ್ತು ನನ್ನ ಮಗನಿಗಿಲ್ಲ. ಹುಟ್ಟುಹಬ್ಬದ ಹಿಂದಿನ ದಿನ ಅವಳ ಮೂಳೆ ಬೇರೆ, ಮರುದಿನದ್ದು ಬೇರೆ ಎಂದು ನಿಮ್ಮ ವೈದ್ಯರು ಬರೆದುಕೊಟ್ಟರೆ ನಾನು ಈ ಪತ್ರವನ್ನು ಹಿಂದಕ್ಕೆ ಪಡೆಯುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ಅರ್ಜಿಯಲ್ಲಿ ಪ್ರಯಾಣಿಕರಿಗೂ ಸಾಮಾನಿಗೂ ನಡುವೆ ಒಂದು ಬೆರಳಗಲ ಜಾಗ ಖಾಲಿಯಿದೆ, ಅಳೆದು ನೋಡಿದ್ದೇನೆ. ಅಲ್ಲಿ ಒಂದು ಗೆರೆ ಎಳೆದು 'ಎರಡು ವರ್ಷ ತುಂಬದವರು' ಎಂದು ಬರೆಯಿರಿ. ಅದರ ಕೆಳಗೆ, ಸಾಮಾನಿನ ಬಗ್ಗೆ ಬರೆದಿದ್ದೀರಲ್ಲ, ಅದೇ ಸಾಲನ್ನು ಒಂದಕ್ಷರವೂ ಬದಲಿಸದೆ ನಕಲು ಮಾಡಿ. ಹೊಸದೇನನ್ನೂ ಯೋಚಿಸುವ ಶ್ರಮ ಬೇಡ. ಅಷ್ಟೂ ಆಗದಿದ್ದರೆ ನನ್ನ ಹಳೆಯ ಅರ್ಜಿಯನ್ನೇ ಊರ್ಜಿತಗೊಳಿಸಿ, ನನ್ನ ಮಗಳನ್ನು ಸಾಮಾನೆಂದೇ ಒಪ್ಪಿಕೊಳ್ಳಿ. ಅವಳಿಗೆ ಬೇಸರವಿಲ್ಲ, ನನಗೂ ಇಲ್ಲ. ಮುಂದಿನ ಪಾಠ ಇದೇ ತಿಂಗಳ ಇಪ್ಪತ್ತೆರಡಕ್ಕೆ. ಅದಕ್ಕೆ ಮೊದಲು ತಾವೇ ಒಮ್ಮೆ ಶೆಡ್ಡಿಗೆ ಬಂದರೆ ಎಮ್ಮೆಯಲ್ಲಿ ಆ ಆರನೇ ಸೀಟಿದೆ. ಕೂತುಕೊಳ್ಳಿ. ನಮ್ಮ ಹುಡುಗ ಬಂದು ತಮ್ಮ ಕೊಂಡಿಯ ಮೇಲೆ ಬೆರಳಿಟ್ಟು ನೋಡುತ್ತಾನೆ. ತಮ್ಮ ಹುದ್ದೆ ಅವನಿಗೆ ಗೊತ್ತಾಗುವುದಿಲ್ಲ, ತಮಗೆ ವಯಸ್ಸೆಷ್ಟು ತುಂಬಿದೆ ಎಂದೂ ಅವನು ಕೇಳುವುದಿಲ್ಲ.

ಇಂತಿ,
ತಮ್ಮ ಕಾಗದದಲ್ಲಿಲ್ಲದ ಹನ್ನೊಂದು ಕಿಲೋದ ತಾಯಿ,
ಮನೆಯವರ ಬಾಯಲ್ಲಿ ಅಕಸ್ಮಾತ್

(ಲಗತ್ತು: ಪಾರ್ಸಲ್ ತಕ್ಕಡಿಯ ಚೀಟಿ ಐದು. ನಾಲ್ಕಲ್ಲ.)